ಕೆಜಾಯಳ ಅರ್ಧ ಪರದೆ

ಎರಡು ಭಾನುವಾರ ಪ್ರಾರ್ಥನೆಗೆ ಬರದವರ ಮನೆಗೆ ಮೂರನೆಯ ಭಾನುವಾರ ಯಾರಾದರೂ ಹೋಗಿ ವಿಚಾರಿಸಲೇಬೇಕು. ಕಡಲಾಚೆಯ ಕೇರ್ನ್ಸ್ ಪಟ್ಟಣಕ್ಕೆ ಬಂದು ನೆಲೆಸಿರುವ ನಮ್ಮ ದ್ವೀಪದವರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಆದರೆ ಕೆಜಾಯಳ ಮನೆಗೆ ಹೋಗಲು ಎಲ್ಲರೂ ಹಿಂದೆಮುಂದೆ ನೋಡುತ್ತಿದ್ದರು. ಹೋದವರನ್ನೆಲ್ಲ ಅವಳು ಬಾಗಿಲ ಸಂದಿಯಿಂದಲೇ "ಚೆನ್ನಾಗಿದ್ದೀನಿ, ಚೆನ್ನಾಗಿದ್ದೀನಿ" ಎಂದು ಸಾಗಹಾಕುತ್ತಿದ್ದಳು. ಚೆನ್ನಾಗಿರುವವರು ಅದನ್ನು ಎರಡೆರಡು ಸಲ ಹೇಳುತ್ತಾರೆಯೇ?

ಕೆಜಾಯ ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ದುಡಿದು ನಿವೃತ್ತಳಾದವಳು. ಗಂಡ ಹೋಗಿ ಬಹಳ ಕಾಲವಾಗಿತ್ತು. ಹೊಟ್ಟೆಯಲ್ಲಿ ಹುಟ್ಟಿದ ಮಕ್ಕಳಿರಲಿಲ್ಲ. ಹಾಗೆಂದು ಮಕ್ಕಳನ್ನು ಸಾಕಿ ಗೊತ್ತಿಲ್ಲದವಳಲ್ಲ. ಮಬುಯಾಗ್ ದ್ವೀಪದಲ್ಲಿ ತಾಯಿ ತೀರಿಕೊಂಡಾಗ ಮನೆಗೆ ಹಿರಿಯಳು ಅವಳೇ. ಕೊನೆಯ ತಮ್ಮ ಟೈಟಸ್‌ಗೆ ಆಗಿನ್ನೂ ಹಲ್ಲು ಮೂಡಿರಲಿಲ್ಲ. ಅನ್ನವನ್ನು ತೆಂಗಿನ ಹಾಲಿನಲ್ಲಿ ಕಿವುಚಿ ಬೆರಳಿನಿಂದ ಅವನ ಬಾಯಿಗಿಟ್ಟು ದೊಡ್ಡವನನ್ನಾಗಿ ಮಾಡಿದಳು. ಆ ಟೈಟಸ್ ಹೋದ ವರ್ಷ ಸಮುದ್ರಕ್ಕೆ ಹೋಗಿ ಬಂದು, ಎದೆ ನೋವು ಎಂದು ಮಲಗಿದವನು ಏಳಲೇ ಇಲ್ಲ. ಕೆಜಾಯ ಚಿಕ್ಕ ವಿಮಾನ ಹತ್ತಿ ಹೋಗಿ ಅವನನ್ನು ಮಣ್ಣಿಗಿಟ್ಟು ಬಂದಿದ್ದಳು.

ಮಣ್ಣಿಗಿಟ್ಟ ದಿನಕ್ಕೇ ನಮ್ಮಲ್ಲಿ ದುಃಖ ಮುಗಿಯುವುದಿಲ್ಲ. ಗೋರಿಯ ಮೇಲೆ ಕಲ್ಲು ನಿಲ್ಲಿಸಿ, ಅದಕ್ಕೆ ಬಟ್ಟೆ ಸುತ್ತಿ, ಎಲ್ಲ ಕಡೆಯಿಂದ ನೆಂಟರು ಬಂದು ಸೇರಿದ ಮೇಲೆ ಆ ಬಟ್ಟೆಯನ್ನು ತೆಗೆಯುತ್ತೇವೆ. ಆ ಸಂಜೆ ಊಟ, ಹಾಡು, ಕುಣಿತ. ದುಃಖದ ಮನೆಯವರು ಬಾಯಿ ತುಂಬ ನಗುವುದು ಅವತ್ತೇ. ಅಲ್ಲಿಯವರೆಗಿನ ಕೆಲಸವೆಲ್ಲ ಬೀಗರ ಕಡೆಯವರದು. ಅವರನ್ನು ನಾವು ಮಾರಿಗೆತ್ ಎನ್ನುತ್ತೇವೆ. ಗುಂಡಿ ತೋಡುವವರೂ ಅವರೇ, ಕಲ್ಲು ಮಾಡಿಸುವವರೂ ಅವರೇ. ಕೆಜಾಯಳ ಮನೆತನದಲ್ಲಂತೂ ಈ ಕಟ್ಟುಪಾಡು ಬಲು ಬಿಗಿ. ದುಃಖದ ಮನೆಯವರು ಆ ಕೆಲಸದಲ್ಲಿ ಮೂಗು ತೂರಿಸುವಂತಿಲ್ಲ. ಹೀಗೇಕೆ, ಹಾಗೇಕೆ ಎಂದು ಕೇಳಿದರೆ ದುಡಿದ ಕೈಗೆ ಅವಮಾನ ಮಾಡಿದ ಹಾಗೆ.

ಈಸ್ಟರ್ ಕಳೆದ ಮೇಲೆ ಟೈಟಸ್‌ನ ಹೆಂಡತಿ ಎಸೆತಾಳ ಅಣ್ಣ ಸೈಲಾಸ್, ಮಾಡಿಸಲಿರುವ ಕಲ್ಲಿನ ಚಿತ್ರವನ್ನು ಕೆಜಾಯಳ ಕಂಪ್ಯೂಟರಿಗೆ ಕಳಿಸಿದ. ಜೊತೆಗೆ ಒಂದೇ ಸಾಲು ಬರೆದಿದ್ದ: "ಕಲ್ಲು ಹೀಗೆ ಬರುತ್ತದೆ. ನೋಡಿ."

ಕೆಜಾಯ ನೋಡಿದಳು. ಮೇಲೆ ಅವರ ಕುಲದ ಗುರುತಾದ ಆಮೆ, ಅದರ ಕೆಳಗೆ ಟೈಟಸ್‌ನ ಹೆಸರು, ಹುಟ್ಟಿದ ದಿನ, ಹೋದ ದಿನ. ಅದರ ಕೆಳಗೆ "ಇವರ ಪ್ರೀತಿಯ ಸಹೋದರ" ಎಂದು ಬರೆದು ಎನೋಸ್, ರೂಬೆನ್, ಮಿರಿಯಮ್ ಎಂದು ಮೂರು ಹೆಸರು. ಸುತ್ತ ಚೆಂದದ ಬಳ್ಳಿಯ ಅಂಚು. ಅವಳು ಪುಟವನ್ನು ಕೆಳಗೆ ಸರಿಸಿದಳು. ಮೇಲೆ ಸರಿಸಿದಳು. ಮತ್ತೆ ಕೆಳಗೆ ತಂದಳು. ಅವಳ ಹೆಸರು ಎಲ್ಲೂ ಇರಲಿಲ್ಲ.

ಯಾರನ್ನು ಕೇಳುವುದು? ಕೇಳುವ ಹಾಗೇ ಇರಲಿಲ್ಲ. ಕೇಳಬಹುದಾಗಿದ್ದರೂ ಏನೆಂದು ಕೇಳುವುದು? ನನ್ನನ್ನು ಯಾಕೆ ಬಿಟ್ಟಿರಿ ಎಂದು ಬಾಯಿಬಿಟ್ಟು ಕೇಳುವಷ್ಟು ಅವಳು ಇನ್ನೂ ಕೆಳಗಿಳಿದಿರಲಿಲ್ಲ. ಉತ್ತರ ಬರೆಯಲಿಲ್ಲ. ಎಸೆತಾ ಫೋನ್ ಮಾಡಿದಾಗ ಅದು ಹೊಡೆದುಕೊಳ್ಳುವುದನ್ನು ನೋಡುತ್ತ ಕುಳಿತಳು. ಕೆಲವು ಸಲ ಹೊಡೆದುಕೊಂಡು ಆಮೇಲೆ ಅದೂ ನಿಂತಿತು. ಮನೆಯಲ್ಲಿ ಫ್ರಿಜ್ಜಿನ ಗುಂಯ್ ಎನ್ನುವ ಸದ್ದೊಂದೇ ಉಳಿಯಿತು. ಊಟಕ್ಕೆ ತಟ್ಟೆ ತೆಗೆಯುವುದನ್ನೂ ಬಿಟ್ಟು, ಪಾತ್ರೆಯಿಂದಲೇ ನಾಲ್ಕು ತುತ್ತು ತಿನ್ನುತ್ತಿದ್ದಳು. ಒಬ್ಬಳಿಗಾಗಿ ಇನ್ನೊಂದು ತಟ್ಟೆ ಯಾಕೆ ತೊಳೆಯಬೇಕು ಎನ್ನುವುದು ಅವಳ ಲೆಕ್ಕ.

ಮೂರನೆಯ ಭಾನುವಾರ ಡೋರ್ಕಸ್ ಬಂದಳು. ಡೋರ್ಕಸ್ ಹಿಂದಿನ ಬೀದಿಯವಳು, ಕೆಜಾಯಳ ಜೊತೆ ಅದೇ ಆಸ್ಪತ್ರೆಯಲ್ಲಿ ಅದೇ ಬಟ್ಟೆ ಒಗೆದವಳು. ಅವಳನ್ನು ಸಂದಿಯಿಂದ ಸಾಗಹಾಕುವುದು ಯಾರಿಗೂ ಸಾಧ್ಯವಿಲ್ಲ.

"ಬಾಗಿಲು ತೆಗಿಯೇ. ಪಾತ್ರೆ ಬಿಸಿ ಇದೆ."

"ನಾನು ಚೆನ್ನಾಗಿದ್ದೀನಿ ಡೋರ್ಕಸ್."

"ನಿನ್ನ ಯಾರು ಕೇಳಿದ್ರೀಗ? ನನ್ನ ಕೈ ಸುಡ್ತಿದೆ ಅಂದೆ."

ಬಾಗಿಲು ತೆರೆಯಲೇಬೇಕಾಯಿತು. ಶಾವಿಗೆ ಹಾಕಿದ ಕೋಳಿ ಸಾರಿನ ಪಾತ್ರೆಯನ್ನು ಒಲೆಯ ಮೇಲಿಟ್ಟು ಡೋರ್ಕಸ್ ಸುತ್ತ ಕಣ್ಣಾಡಿಸಿದಳು. ಹೊಲಿಗೆ ಯಂತ್ರದ ಕೆಳಗೆ ನೀಲಿ ದಾಸವಾಳದ ಬಟ್ಟೆ ಕತ್ತರಿಸಿದ ಹಾಗೇ ಬಿದ್ದಿತ್ತು. ಕಲ್ಲು ತೆರೆಯುವ ದಿನಕ್ಕೆ ಮನೆತನದ ಹೆಂಗಸರೆಲ್ಲ ಒಂದೇ ಬಟ್ಟೆಯಲ್ಲಿ ಉಡುಪು ಹೊಲಿಸಿಕೊಳ್ಳುತ್ತಾರೆ. ಇದು ಆ ಬಟ್ಟೆ.

"ಹೊಲಿಗೆ ನಿಂತೇ ಹೋಗಿದೆಯಲ್ಲೇ?"

"ಸೂಜಿ ಮುರೀತು."

"ಅಂಗಡೀಲಿ ಸೂಜಿ ಸಿಗಲ್ವಾ?"

"ನಾನು ಹೋಗಲ್ಲ."

"ಅಂಗಡಿಗಾ?"

"ಊರಿಗೆ."

ಡೋರ್ಕಸ್ ಸಾರು ಬಗ್ಗಿಸುತ್ತಿದ್ದ ಸೌಟನ್ನು ಕೆಳಗಿಟ್ಟಳು. "ತಮ್ಮನ ಕಲ್ಲು ತೆರೆಯೋ ದಿನ ಅಕ್ಕ ಇರಲ್ವಾ? ಏನಾಯ್ತೇ ನಿಂಗೆ?"

"ಏನೂ ಆಗಿಲ್ಲ. ಮೊಣಕಾಲು ನೋವು."

"ಬೆಳಿಗ್ಗೆ ಸೂಜಿ, ಮಧ್ಯಾಹ್ನ ಮೊಣಕಾಲು. ಸಾಯಂಕಾಲಕ್ಕೆ ಏನು ಇಟ್ಕೊಂಡಿದ್ದೀಯ?"

ಕೆಜಾಯಳಿಗೆ ನಗು ಬರಲಿಲ್ಲ. ಇಷ್ಟು ದಿನ ಯಾರಿಗೂ ಹೇಳದಿದ್ದ ಮಾತು ಈಗ ತಾನಾಗಿಯೇ ಹೊರಗೆ ಬಂತು. "ಕಲ್ಲಿನ ಮೇಲೆ ನನ್ನ ಹೆಸರಿಲ್ಲ."

"ಏನಂದೆ?"

"ಎನೋಸ್ ಇದ್ದಾನೆ, ರೂಬೆನ್ ಇದ್ದಾನೆ, ಮಿರಿಯಮ್ ಇದ್ದಾಳೆ. ನಾನಿಲ್ಲ. ಅವನ ಅಂಡು ತೊಳೆದೋಳು ನಾನು. ಅವನಿಗೆ ಈಜು ಕಲಿಸಿದ್ದು ನಾನು. ನಾನು ಇಲ್ಲಿಗೆ ಬಂದು ಯಾರ್‍ಯಾರದೋ ಹಾಸಿಗೆ ಬಟ್ಟೆ ಒಗೆದು ಅವನ ಶಾಲೆಗೆ ದುಡ್ಡು ಕಳಿಸಿದೆ. ಕಲ್ಲಿನ ಮೇಲೆ ಒಂದು ಸಾಲು ಜಾಗ ಸಿಗಲಿಲ್ಲ ಅವರಿಗೆ."

"ಎಸೆತಾ ಅಂಥೋಳಲ್ಲ ಕಣೇ. ಕೇಳಿದ್ಯಾ ಅವಳನ್ನ?"

"ಮಾರಿಗೆತ್ ಕೆಲಸ ಅದು. ಕೇಳೋದಕ್ಕಾಗತ್ತಾ? ನಿಂಗೊತ್ತಿಲ್ವಾ?"

"ಗೊತ್ತು. ಆದ್ರೂ ಏನೋ ತಪ್ಪಾಗಿದೆ."

"ಕಣ್ಣಾರೆ ನೋಡಿದ್ದೀನಿ. ಕಂಪ್ಯೂಟರ್ ಸುಳ್ಳು ಹೇಳತ್ತಾ? ಈ ಕಲ್ಲೊಂದೇ ಅಲ್ಲ ಡೋರ್ಕಸ್. ಕ್ರಿಸ್‌ಮಸ್ ಆದಾಗಿಂದ ಹೀಗೇನೇ. ಟೈಟಸ್ ಮೊಮ್ಮಗೂದು ಫೋಟೋ ಕಳಿಸ್ತಾರೆ, ಅದ್ರಲ್ಲಿ ಮಗೂನೇ ಇರಲ್ಲ. ಒಂದು ಗೋಡೆ, ಯಾರದೋ ಮೊಣಕೈ. ಮುದುಕಿಗೆ ಏನೋ ಒಂದು ಕಳಿಸಿದ್ರೆ ಸಾಕು ಅಂದ್ಕೊಂಡಿದ್ದಾರೆ. ಮುಖ ತೋರಿಸೋದಕ್ಕೂ ಅವರಿಗೆ ಮನಸ್ಸಿಲ್ಲ."

ಡೋರ್ಕಸ್ ಕಂಪ್ಯೂಟರಿನ ಕಡೆಗೊಮ್ಮೆ ತಿರುಗಿ ನೋಡಿದಳು.

"ಗೋಡೆ ಮತ್ತೆ ಮೊಣಕೈಯಾ?" ಎಂದು ಮೆಲ್ಲಗೆ ಕೇಳಿದಳು. "ಕ್ರಿಸ್‌ಮಸ್ ಆದಾಗಿಂದಲಾ?"

"ಹೂಂ."

"ನಿನ್ನ ಪರದೆ ಮೇಲೆ ಅಕ್ಷರ ಎಷ್ಟು ದೊಡ್ಡದಿದೆ ಈಗ?"

"ನೀನೇ ಅಲ್ವಾ ಮಾಡಿಕೊಟ್ಟಿದ್ದು? ಒಂದೊಂದೂ ಬಿಸ್ಕತ್ತಿನಷ್ಟಿದೆ. ಅದೊಂದು ಉಪಕಾರ ಮಾಡಿದೆ ನೀನು, ಇಲ್ಲ ಅನ್ನಲ್ಲ."

ಡೋರ್ಕಸ್ ಕುರ್ಚಿ ಎಳೆದುಕೊಂಡು ಕುಳಿತಳು. "ಕೆಜಾಯ, ನಾನು ಒಂದು ಮಾತು ಹೇಳ್ತೀನಿ, ಸೌಟು ತಗೊಂಡು ಹೊಡೀಬಾರದು."

"ಏನು?"

"ಗ್ರಂಥಾಲಯದಲ್ಲಿ ಹಿರಿಯರಿಗೆ ಕಂಪ್ಯೂಟರ್ ಕಲಿಸ್ತಾರಲ್ಲ, ಅಲ್ಲಿ ಮೊದಲನೇ ವಾರ ಪರದೇಲಿ ಕಾಣೋದನ್ನ ದೊಡ್ಡದು ಮಾಡೋದು ಹೇಳಿಕೊಟ್ರು. ಅವತ್ತೇ ಓಡಿಬಂದು ನಿನ್ನದನ್ನೂ ದೊಡ್ಡದು ಮಾಡಿಕೊಟ್ಟೆ. ಎರಡನೇ ವಾರ ಚಿಕ್ಕದು ಮಾಡೋದು ಹೇಳಿಕೊಟ್ರಂತೆ."

"ಅಂತೆ ಅಂದ್ರೆ?"

"ಆ ವಾರ ನಂಗೆ ಬಿಂಗೊ ಇತ್ತು."

ಕೆಜಾಯಳಿಗೆ ಏನೂ ಅರ್ಥವಾಗಲಿಲ್ಲ. ಬಿಂಗೊ ಆಟಕ್ಕೂ ತಮ್ಮನ ಕಲ್ಲಿಗೂ ಏನು ಸಂಬಂಧ?

"ನೋಡು, ಪರದೆ ಇರೋದು ಇಷ್ಟೇ ಅಗಲ," ಎಂದು ಡೋರ್ಕಸ್ ಎರಡು ಕೈ ಅಗಲಿಸಿ ತೋರಿಸಿದಳು. "ಒಳಗಿರೋದನ್ನ ದೊಡ್ಡದು ಮಾಡ್ತಾ ಹೋದ್ರೆ ಉಳಿದಿದ್ದೆಲ್ಲ ಪಕ್ಕಕ್ಕೆ ಹೋಗತ್ತೆ. ಅಳಿಸಿ ಹೋಗಲ್ಲ. ಅಲ್ಲೇ ಇರತ್ತೆ, ನಮ್ಮ ಕಣ್ಣಿಗೆ ಬೀಳಲ್ಲ ಅಷ್ಟೇ. ನಿನ್ನ ಪರದೆ ಕೆಳಗಡೆ ಒಂದು ಬೂದು ಪಟ್ಟಿ ಕಾಣ್ತಿದೆಯಾ?"

"ಕಾಣತ್ತೆ. ಕೊಳೆ ಅಂದ್ಕೊಂಡು ಒರೆಸ್ತಾನೇ ಇದ್ದೀನಿ."

"ಕೊಳೆಯಲ್ಲ ಮಾರಾಯ್ತಿ. ಬಲಗಡೆ ಇನ್ನೂ ಇದೆ, ನೋಡು ಅಂತ ಕರೆಯೋ ಗುರುತು ಅದು. ನಂಗೂ ಗೊತ್ತಿರಲಿಲ್ಲ. ಹೋದ ತಿಂಗಳು ಮೊಮ್ಮಗಳ ಮದುವೆ ಫೋಟೋ ಬಂತು. ನೋಡಿದ್ರೆ ಮದುಮಗಳಿದ್ದಾಳೆ, ಮದುಮಗ ಇಲ್ಲ! ಒಂದರಲ್ಲೂ ಇಲ್ಲ! ಎಲ್ಲಿಗೆ ಓಡಿಹೋದ ಇವನು ಅಂತ ಮಗನಿಗೆ ಫೋನ್ ಮಾಡಿ ಬೈದೆ. ಆಮೇಲೆ ಗ್ರಂಥಾಲಯಕ್ಕೆ ಹೋಗಿ ತೋರಿಸಿದೆ. ಮದುಮಗ ಬಲಗಡೆ ನಿಂತಿದ್ದ ಪಾಪ."

ಬೇರೆ ದಿನವಾಗಿದ್ದರೆ ಕೆಜಾಯ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ಈಗ ಅವಳ ಮುಖ ಇನ್ನಷ್ಟು ಬಿಗಿಯಾಯಿತು. ಡೋರ್ಕಸ್ ಕಂಪ್ಯೂಟರಿನ ಕಡೆಗೆ ಹೋಗುತ್ತಿದ್ದ ಹಾಗೆ ಕೆಜಾಯ ಅಡ್ಡ ಬಂದಳು.

"ಮುಟ್ಟಬೇಡ. ಅಕ್ಷರ ಮತ್ತೆ ಇರುವೆ ಆಗಿಬಿಡತ್ತೆ. ಆಮೇಲೆ ನಂಗೆ ಓದೋಕೆ ಆಗಲ್ಲ."

"ಮತ್ತೆ ದೊಡ್ಡದು ಮಾಡ್ಕೋಬಹುದು. ಎಷ್ಟು ಸಲ ಬೇಕಾದ್ರೂ."

"ಬೇಡ ಅಂದೆನಲ್ಲ."

ಅಕ್ಷರದ ಭಯ ಬರೀ ನೆಪ. ನಿಜವಾದ ಭಯ ಬೇರೆ ಇತ್ತು. ಇನ್ನೊಮ್ಮೆ ನೋಡಿದಾಗಲೂ ಹೆಸರು ಇಲ್ಲದೆ ಹೋದರೆ? ಒಂದು ಸಲ ಬಿಟ್ಟುಹೋಗಿದ್ದನ್ನು ಅವಳು ಹೇಗೋ ನುಂಗಿಕೊಂಡಿದ್ದಳು. ಆಸೆಯಿಂದ ನೋಡಿ ಎರಡನೆಯ ಸಲ ಇಲ್ಲ ಅನ್ನಿಸಿಕೊಳ್ಳುವ ಶಕ್ತಿ ಅವಳಲ್ಲಿ ಉಳಿದಿರಲಿಲ್ಲ. ಡೋರ್ಕಸ್‌ಗೆ ಅದು ತಿಳಿಯಿತು ಎಂದು ಕಾಣುತ್ತದೆ. ಗೆಳತಿಯ ಹೆಗಲ ಮೇಲೆ ಕೈಯಿಟ್ಟಳು.

"ಇಲ್ಲದೆ ಹೋದ್ರೆ ನಾನೂ ನಿನ್ನ ಜೊತೆ ಕೂತು ಅಳ್ತೀನಿ. ಸಾರು ಇದೆ, ರಾತ್ರಿ ಊಟಕ್ಕೂ ಆಗತ್ತೆ. ಬಾ, ಗುಂಡಿ ನೀನೇ ಒತ್ತು."

ಕೆಜಾಯ ಕುಳಿತಳು. ಸೈಲಾಸ್ ಕಳಿಸಿದ ಚಿತ್ರವನ್ನು ತೆರೆದಳು. ಅದೇ ಆಮೆ, ಅದೇ ಮೂರು ಹೆಸರು.

"ಎಡಗಡೆ ಕೆಳಗಿನ ಮೂಲೆ ಗುಂಡಿ ಇದೆಯಲ್ಲ, ಅದು ಕಂಟ್ರೋಲ್. ಅದನ್ನ ಒತ್ತಿ ಹಿಡ್ಕೋ. ಬಿಡಬೇಡ. ಈಗ ಇನ್ನೊಂದು ಕೈಯಿಂದ, ಅಂಕಿಗಳ ಸಾಲಲ್ಲಿ ಕಳೆಯೋ ಗುರುತು ಹುಡುಕು. ಅಡ್ಡ ಗೆರೆ. ಸಿಕ್ತಾ? ಒಂದು ಸಲ ಒತ್ತು."

ಒತ್ತಿದಳು. ಪರದೆಯ ಮೇಲಿದ್ದುದೆಲ್ಲ ತುಸು ಕುಗ್ಗಿತು. ಬಲಗಡೆಯ ಬಳ್ಳಿಯ ಅಂಚಿನ ಪಕ್ಕದಲ್ಲಿ ಒಂದು ಕಪ್ಪು ಗೆರೆ ಕಂಡಿತು.

"ಇದೇನಿದು?"

"ಇನ್ನೊಂದು ಸಲ ಒತ್ತು. ಕಂಟ್ರೋಲ್ ಬಿಡಬೇಡ ಅಂದೆ."

ಆ ಗೆರೆ ಕಲ್ಲಿನ ನಡುವಿನ ಮಡಿಕೆಯಾಗಿತ್ತು. ಸೈಲಾಸ್ ಮಾಡಿಸುತ್ತಿದ್ದುದು ಒಂದು ಹಲಗೆಯಂಥ ಕಲ್ಲಲ್ಲ. ತೆರೆದಿಟ್ಟ ಪುಸ್ತಕದ ಆಕಾರದ ಕಲ್ಲು. ಇಷ್ಟು ದಿನ ಕೆಜಾಯ ನೋಡಿ ನೋಡಿ ಅತ್ತಿದ್ದು ಅದರ ಎಡಪುಟವನ್ನು ಮಾತ್ರ.

ಇನ್ನೊಮ್ಮೆ ಒತ್ತಿದಳು. ಬಲಪುಟದ ಅಂಚು ಬಂತು. ಮತ್ತೊಮ್ಮೆ ಒತ್ತಿದಾಗ ಬಲಪುಟ ಪೂರ್ತಿ ಬಂದು ನಿಂತಿತು. ಅದರಲ್ಲಿ ಹೆಸರುಗಳ ಸಾಲು ಇರಲಿಲ್ಲ. ಇಡೀ ಪುಟಕ್ಕೆ ಒಂದೇ ಹೆಸರು. ಅಕ್ಷರ ಈಗ ಚಿಕ್ಕದಾಗಿದ್ದರಿಂದ ಕೆಜಾಯ ಕನ್ನಡಕವನ್ನು ಮೂಗಿನ ಮೇಲೆ ಸರಿಸಿ, ಮುಖವನ್ನು ಗಾಜಿನ ಹತ್ತಿರಕ್ಕೆ ಒಯ್ದಳು.

"ಕೆಜಾಯ. ಹೆತ್ತವಳು ಹೋದ ಮೇಲೆ ಇವನಿಗೆ ತಾಯಾದ ಅಕ್ಕ."

ಅವಳು ಪರದೆಯ ಮೇಲೆ ಬೆರಳಿಟ್ಟು ಆ ಸಾಲನ್ನು ಮೊದಲಿನಿಂದ ಮತ್ತೆ ಓದಿದಳು. ಆಮೇಲೆ ಎರಡೂ ಕೈಯಿಂದ ಮುಖ ಮುಚ್ಚಿಕೊಂಡು ಅತ್ತಳು. ತಮ್ಮನನ್ನು ಮಣ್ಣಿಗಿಟ್ಟ ದಿನವೂ ಅವಳು ಹಾಗೆ ಅತ್ತಿರಲಿಲ್ಲ. ಹೆಸರು ಇಲ್ಲದೆ ಹೋದರೆ ಅಳುತ್ತೇನೆ ಎಂದಿದ್ದ ಡೋರ್ಕಸ್ ಹೆಸರು ಇದ್ದರೂ ಅತ್ತಳು.

"ಆ ಮಗು ಫೋಟೋನೂ ತೆಗಿ," ಎಂದಳು ಡೋರ್ಕಸ್ ಮೂಗೊರೆಸಿಕೊಳ್ಳುತ್ತ. "ಆ ಮೊಣಕೈ ಯಾರದು ನೋಡೇಬಿಡೋಣ."

ಮೊಣಕೈ ಎಸೆತಾಳದಾಗಿತ್ತು. ಆ ಕೈಯ ಮೇಲೆ ಮಗು ಇತ್ತು. ಗೋಡೆಯ ಪಕ್ಕದಲ್ಲಿ ಮನೆಯವರೆಲ್ಲ ನಿಂತು ಕೈ ಬೀಸುತ್ತಿದ್ದರು. ಇನ್ನೊಂದರಲ್ಲಿ ಮಗು ಕುಳಿತಿತ್ತು. ಮತ್ತೊಂದರಲ್ಲಿ ಅನ್ನ ಮೆತ್ತಿಕೊಂಡು ನಗುತ್ತಿತ್ತು, ಕೆಳಗಿನ ಒಸಡಿನಲ್ಲಿ ಎರಡು ಹಲ್ಲು. ಟೈಟಸ್‌ನದೇ ಮೂಗು. ಇಷ್ಟು ತಿಂಗಳೂ ಇವರೆಲ್ಲ ಅವಳನ್ನೇ ನೋಡುತ್ತ ನಗುತ್ತಿದ್ದರು. ಅವಳು ಗೋಡೆ ನೋಡುತ್ತ ಕುಳಿತಿದ್ದಳು.

ಫೋನ್ ಎತ್ತಿಕೊಂಡು ಎಸೆತಾಳ ಮನೆಗೆ ಮಾಡಿದಳು.

"ಅತ್ತಿಗೆ," ಎಂದಳು ಎಸೆತಾ. "ಸಿಟ್ಟು ಹೋಯ್ತಾ?"

"ನಂಗ್ಯಾವ ಸಿಟ್ಟೇ?"

"ನಿಮ್ಮಿಂದ ಒಂದು ಮಾತೂ ಬರಲಿಲ್ಲ. ಫೋನೂ ಎತ್ತಲಿಲ್ಲ. ತಾಯಿ ಅಂತ ಬರೆಸಿದ್ದು ನಿಮಗೆ ಇಷ್ಟ ಆಗಲಿಲ್ಲ ಅಂದ್ಕೊಂಡ್ವಿ. ಹೆತ್ತಮ್ಮನ ಜಾಗ ನಿಮಗೆ ಕೊಟ್ಟಿದ್ದಕ್ಕೆ ನೊಂದ್ಕೊಂಡ್ರೇನೋ ಅಂತ. ಹೇಗೆ ಕೇಳೋದು ಗೊತ್ತಾಗಲಿಲ್ಲ. ಅಣ್ಣ ಕಲ್ಲಿನವರಿಗೆ ಬಲಗಡೆ ಪುಟ ಖಾಲಿ ಬಿಡಿ ಅಂದಿದ್ದಾನೆ."

"ಖಾಲಿಯಾ?"

"ಹೂಂ ಅತ್ತಿಗೆ. ಶುಕ್ರವಾರ ಕಲ್ಲು ಹಡಗು ಹತ್ತತ್ತೆ."

ಇನ್ನು ಒಂದು ವಾರ ಸುಮ್ಮನಿದ್ದಿದ್ದರೆ ಕೆಜಾಯ ಭಯಪಟ್ಟಿದ್ದೇ ನಿಜವಾಗಿಬಿಡುತ್ತಿತ್ತು. ಅವಳ ಹೆಸರಿಲ್ಲದ ಕಲ್ಲು ತಮ್ಮನ ತಲೆಯ ಹತ್ತಿರ ಎಂದೆಂದಿಗೂ ನಿಲ್ಲುತ್ತಿತ್ತು. ಹಾಗೆ ನಿಲ್ಲಿಸಿದವಳು ಅವಳೇ ಆಗುತ್ತಿದ್ದಳು.

"ಎಸೆತಾ," ಎಂದಳು. "ಮಾರಿಗೆತ್ ಕೆಲಸಕ್ಕೆ ನಾನು ಬಾಯಿ ಹಾಕಬಾರದು. ಗೊತ್ತು. ಇದೊಂದು ಸಲ ಹಾಕ್ತೀನಿ, ನಿಮ್ಮಣ್ಣನಿಗೆ ಹೇಳು ಬೇಜಾರು ಮಾಡ್ಕೋಬಾರದು ಅಂತ. ಕೆತ್ತಿಸಿ. ನೀವು ಬರೆಸಿದ ಹಾಗೇ ಕೆತ್ತಿಸಿ."

ಆ ಕಡೆಯಿಂದ ಎಸೆತಾ ಅಳುವುದು ಕೇಳಿಸಿತು. ಮಗು ಏನೋ ಕೂಗಿದ್ದೂ ಕೇಳಿಸಿತು.

ಕಲ್ಲು ತೆರೆದ ದಿನ ಕೆಜಾಯ ಮಬುಯಾಗ್‌ನಲ್ಲಿದ್ದಳು. ಬಟ್ಟೆ ಸರಿದಾಗ ಅವಳು ಮುಂದಕ್ಕೆ ಹೋಗಲಿಲ್ಲ. ಎರಡೂ ಪುಟ ಒಟ್ಟಿಗೆ ಕಾಣುವಷ್ಟು ಹಿಂದಕ್ಕೆ ಸರಿದು ನಿಂತು ನೋಡಿದಳು. ಎಲ್ಲ ಸರಿಯಾಯಿತು ಎಂದು ಹೇಳಲಾರೆ. ಎಸೆತಾ ಮಗುವನ್ನು ಅವಳ ತೊಡೆಯ ಮೇಲೆ ಕೂರಿಸಿದಾಗ ಅದು ಈ ಮುಖವನ್ನು ಎಂದೂ ಕಾಣದೆ ಹೆದರಿ ಚೀರಿ, ಅಜ್ಜಿಯ ಕುತ್ತಿಗೆಗೆ ಜೋತುಬಿತ್ತು. ಮುನಿಸಿಕೊಂಡು ಕಳೆದ ಆ ತಿಂಗಳುಗಳು ಎಲ್ಲಿಂದ ವಾಪಸು ಬರಬೇಕು? ಮಗು ಅವಳ ಕೈಯಿಂದ ಒಂದು ತುತ್ತು ತಿನ್ನಬೇಕಾದರೆ, ಅವಳು ದ್ವೀಪದಿಂದ ಹೊರಡುವ ದಿನದವರೆಗೂ ಕಾಯಬೇಕಾಯಿತು.

ಈ ಕಥೆಯನ್ನು ಕೇಳುತ್ತಿರುವ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ಅಕ್ಷರ ಕಾಣದಿದ್ದರೆ ಕಣ್ಣು ಕಿರಿದು ಮಾಡಿಕೊಂಡು ಒದ್ದಾಡಬೇಡಿ. ಕಂಟ್ರೋಲ್ ಗುಂಡಿಯನ್ನು ಒತ್ತಿ ಹಿಡಿದು ಕೂಡುವ ಗುರುತನ್ನು ಒತ್ತಿ, ದೊಡ್ಡದಾಗುತ್ತದೆ. ಕಳೆಯುವ ಗುರುತನ್ನು ಒತ್ತಿದರೆ ಚಿಕ್ಕದಾಗುತ್ತದೆ. ಎಲ್ಲಿದ್ದೇನೆ ಎಂದೇ ತಿಳಿಯದೆ ಹೋದರೆ ಕಂಟ್ರೋಲ್ ಜೊತೆ ಸೊನ್ನೆ ಒತ್ತಿ, ಮೊದಲಿದ್ದ ಅಳತೆಗೆ ಬರುತ್ತದೆ. ಏನೂ ಕೆಡುವುದಿಲ್ಲ, ಏನೂ ಅಳಿಸಿಹೋಗುವುದಿಲ್ಲ. ಕೆಳಗೆ ಬೂದು ಪಟ್ಟಿ ಕಂಡರೆ ಒರೆಸಬೇಡಿ, ಅದನ್ನು ಬಲಕ್ಕೆ ಎಳೆಯಿರಿ. ನೆರೆಮನೆಯ ಹಿರಿಯರಿಗೆ ದೊಡ್ಡದು ಮಾಡಿಕೊಟ್ಟವರು ಚಿಕ್ಕದು ಮಾಡುವುದನ್ನೂ ಅದೇ ದಿನ ಕಲಿಸಿ ಬನ್ನಿ. ಬಿಂಗೊ ಮುಂದಿನ ವಾರವೂ ಇರುತ್ತದೆ.

ಮತ್ತೆ, ನನ್ನವರು ನನ್ನನ್ನು ಬಿಟ್ಟುಬಿಟ್ಟರು ಎಂದು ಫೋನ್ ಎತ್ತದೆ ಕುಳಿತವರು ಯಾರಾದರೂ ಇದ್ದರೆ, ಇವತ್ತೇ ಎದ್ದು ಹೋಗಿ ಪರದೆಯ ಬಲಗಡೆ ಒಮ್ಮೆ ನೋಡಿ.